ಕ್ಯಾಮೆರಾದ ಚಿತ್ರಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವ ಕ್ರಮ



ಆಷಾಢದ ಮಳೆ ಹಿಡಿಯಿತೆಂದರೆ ನಮ್ಮ ಸಂಘದ ಕಚೇರಿಗೆ ಬರುವ ಸದಸ್ಯರ ಕೈಯಲ್ಲಿ ಎರಡು ವಸ್ತುಗಳು ಕಾಣತೊಡಗುತ್ತವೆ. ಒಂದು, ಕೊಳೆ ತಗುಲಿ ಉದುರಿದ ಹಸಿ ಅಡಿಕೆಯ ಪೊಟ್ಟಣ. ಇನ್ನೊಂದು, ಮಗನೋ ಅಳಿಯನೋ ಎಂದೋ ತಂದುಕೊಟ್ಟ ಡಿಜಿಟಲ್ ಕ್ಯಾಮೆರಾ. "ಮರದ ತಲೆಯ ಫೋಟೋ ತೆಗೆದಿದ್ದೇನೆ, ಇದರೊಳಗೇ ಇದೆ, ನೀವೇ ನೋಡಿ" ಎಂದು ಕ್ಯಾಮೆರಾವನ್ನು ಮೇಜಿನ ಮೇಲಿಡುತ್ತಾರೆ. ಅದರ ಬೆನ್ನಿನಲ್ಲಿರುವ ಬೆಂಕಿಪೊಟ್ಟಣದಷ್ಟು ಗಾಜಿನಲ್ಲಿ ಹತ್ತು ಜನ ಇಣುಕಿ ನೋಡುವುದು, ಚುಕ್ಕಿ ಕಂಡಿತೆಂದು ಒಬ್ಬರು, ಇಲ್ಲವೆಂದು ಇನ್ನೊಬ್ಬರು. ಅಷ್ಟರಲ್ಲಿ ಬ್ಯಾಟರಿ ಮುಗಿದು ಗಾಜು ಕಪ್ಪಾಗುತ್ತದೆ. ಚಿತ್ರ ಇದ್ದೂ ಇಲ್ಲದಂತಾಯಿತು.

ಮೊಬೈಲು ಇರುವಾಗ ಕ್ಯಾಮೆರಾ ಯಾಕೆ ಎಂದು ಕೇಳುವವರಿದ್ದಾರೆ. ಅಡಿಕೆ ಬೆಳೆಗಾರನಿಗೆ ಇದಕ್ಕೆ ಉತ್ತರ ಗೊತ್ತು. ಐವತ್ತು ಅರವತ್ತು ಅಡಿ ಎತ್ತರದ ಮರದ ಸೋಗೆಯ ಮೇಲಿನ ಚುಕ್ಕಿ, ಹಿಂಗಾರದ ಒಣಗು, ಗೊನೆಯ ಬುಡದ ಕೊಳೆ, ಇವುಗಳನ್ನು ನೆಲದಲ್ಲಿ ನಿಂತು ಸ್ಪಷ್ಟವಾಗಿ ಹಿಡಿಯಲು ಮಸೂರವೇ ಮುಂದೆ ಬಂದು ದೂರದ್ದನ್ನು ಹತ್ತಿರ ಮಾಡುವ ಕ್ಯಾಮೆರಾ ಬೇಕು. ಸಾಮಾನ್ಯ ಮೊಬೈಲಿನಲ್ಲಿ ಎರಡು ಬೆರಳಿನಿಂದ ಎಳೆದು ದೊಡ್ಡದು ಮಾಡಿದರೆ ಚಿತ್ರದ ಚೂರೊಂದು ಹಿಗ್ಗುತ್ತದೆಯೇ ಹೊರತು ಹೊಸ ವಿವರ ಬರುವುದಿಲ್ಲ. ಮೊಬೈಲಿನಲ್ಲಿ ತೆಗೆದವರಿಗೂ ಇಲ್ಲಿ ಹೇಳುವ ಬಹುಪಾಲು ಮಾತು ಅನ್ವಯಿಸುತ್ತದೆ. ಆದ್ದರಿಂದ ಪುಟ ಮಗುಚದೆ ಓದಬೇಕಾಗಿ ವಿನಂತಿ.

ರೀಲು ಹೋಗಿ ಕಾರ್ಡು ಬಂದದ್ದು

ನಮ್ಮ ತಲೆಮಾರಿನವರು 36 ಚಿತ್ರದ ರೀಲು ಹಾಕಿ, ಅದು ಮುಗಿಯುವವರೆಗೆ ಕಾದು, ಪೇಟೆಯ ಸ್ಟುಡಿಯೋಗೆ ಕೊಟ್ಟು ತೊಳೆಸಿದವರು. ಅದರಲ್ಲಿ ಒಂದು ನಿಶ್ಚಿಂತೆ ಇತ್ತು. ಪ್ರಿಂಟು ಹಾಳಾದರೂ ನೆಗೆಟಿವ್ ಉಳಿಯುತ್ತಿತ್ತು. ಡಿಜಿಟಲ್ ಕ್ಯಾಮೆರಾದಲ್ಲಿ ನೆಗೆಟಿವ್ ಇಲ್ಲ. ಬೆಳಕನ್ನು ಒಂದು ಸಣ್ಣ ಬಿಲ್ಲೆ ಲಕ್ಷಾಂತರ ಚುಕ್ಕಿಗಳಾಗಿ ಅಳೆಯುತ್ತದೆ. ಆ ಅಳತೆಗಳು ಅಂಕಿಗಳಾಗಿ ಕಾರ್ಡಿನಲ್ಲಿ ಕೂರುತ್ತವೆ. ಅಮೆರಿಕದ ಕೊಡಾಕ್ ಕಂಪನಿಯ ಎಂಜಿನಿಯರ್ ಸ್ಟೀವನ್ ಸಾಸನ್ 1975ರಲ್ಲಿ ಇಂಥ ಮೊದಲ ಕ್ಯಾಮೆರಾ ಕಟ್ಟಿದಾಗ ಅದರ ತೂಕ ಮೂರೂವರೆ ಕಿಲೋಗೂ ಮೇಲೆ. ಚಿತ್ರದಲ್ಲಿದ್ದದ್ದು ನೂರಕ್ಕೆ ನೂರು, ಅಂದರೆ 10,000 ಚುಕ್ಕಿ. ಒಂದು ಚಿತ್ರ ದಾಖಲಾಗಲು 23 ಸೆಕೆಂಡು. ದಾಖಲಾಗುತ್ತಿದ್ದುದು ನಾವು ಹಾಡು ಕೇಳುತ್ತಿದ್ದಂಥ ಕ್ಯಾಸೆಟ್ಟಿನ ಟೇಪಿನಲ್ಲಿ! ಇಂದಿನ 12 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರ 4000 ಚುಕ್ಕಿ ಅಗಲ, 3000 ಚುಕ್ಕಿ ಎತ್ತರ, ಒಟ್ಟು 1 ಕೋಟಿ 20 ಲಕ್ಷ ಚುಕ್ಕಿ. ಅದನ್ನು ಹಿಡಿದಿಡುವ, ಅಂಚೆಚೀಟಿಯಷ್ಟು ಗಾತ್ರದ ಎಸ್‌ಡಿ ಕಾರ್ಡು 1999ರಲ್ಲಿ ರೂಪುಗೊಂಡಿತು.

ಹಾಗಾಗಿ ಕಾರ್ಡೇ ನೆಗೆಟಿವ್, ಕಾರ್ಡೇ ಪ್ರಿಂಟು. ಅದು ಹಾಳಾದರೆ ಎರಡೂ ಹೋದಂತೆ. ಕಂಪ್ಯೂಟರಿಗೆ ಇಳಿಸಿಕೊಳ್ಳುವುದೆಂದರೆ ಇನ್ನೊಂದು ಪ್ರತಿ ಮಾಡಿ ಈ ಒಂಟಿತನವನ್ನು ತಪ್ಪಿಸುವುದು. ಈ ಮಾತನ್ನು ನಾನು ಪುಸ್ತಕ ಓದಿ ಕಲಿತದ್ದಲ್ಲ.

ನನ್ನದೇ ಒಂದು ಪೆಟ್ಟು

2019ರ ಆಗಸ್ಟ್ ತಿಂಗಳ ಮಳೆಯನ್ನು ಮಲೆನಾಡಿನವರು ಮರೆಯುವಂತಿಲ್ಲ. ಮೂಡಿಗೆರೆ, ಕಳಸ, ಚಾರ್ಮಾಡಿ ಘಾಟಿಯ ಕಡೆ ಗುಡ್ಡಗಳೇ ಜಾರಿದವು. ಹಿಂದಿನ ವರ್ಷ ಕೊಡಗಿನಲ್ಲಿ ಆದದ್ದು ಆ ವರ್ಷ ನಮ್ಮ ಕಡೆಗೂ ಬಂತು. ನಮ್ಮ ತೋಟದ ಮೇಲಿನ ಧರೆ ಕುಸಿದು ಅರವತ್ತರಷ್ಟು ಫಸಲಿನ ಮರ ಮಣ್ಣಿನಡಿಗೆ ಹೋಯಿತು. ಮಳೆ ಸ್ವಲ್ಪ ಹೊಳವಾದ ದಿನ ಕ್ಯಾಮೆರಾ ಹಿಡಿದು ಹೋಗಿ 146 ಚಿತ್ರ ತೆಗೆದೆ. ಮುರಿದ ಮರ, ಮುಚ್ಚಿದ ಬಸಿಗಾಲುವೆ, ಮುಖ್ಯವಾಗಿ ಮಣ್ಣಿನಿಂದ ಅರ್ಧ ತಲೆ ಹೊರಹಾಕಿದ್ದ ಗಡಿಕಲ್ಲು. ಜೆಸಿಬಿ ಬಂದು ಮಣ್ಣು ಎತ್ತಿದ ಮೇಲೆ ಆ ಕಲ್ಲು ಎಲ್ಲಿತ್ತೆಂದು ಯಾರೂ ಹೇಳಲಾರರು ಎಂಬುದು ಆಗಲೇ ಗೊತ್ತಿತ್ತು.

ಸಂಜೆ ಮನೆಯಲ್ಲಿ ಕಾರ್ಡನ್ನು ಕಂಪ್ಯೂಟರಿಗೆ ಹಾಕಿದೆ. ಎಲ್ಲ ಚಿತ್ರಗಳನ್ನೂ ಆರಿಸಿ 'ಕಟ್' ಎಂದು ಒತ್ತಿ, ಕಂಪ್ಯೂಟರಿನ ಕೋಶದಲ್ಲಿ 'ಪೇಸ್ಟ್' ಎಂದು ಒತ್ತಿದೆ. ಕಾರ್ಡೂ ಖಾಲಿಯಾಗುತ್ತದೆ, ಚಿತ್ರವೂ ಬರುತ್ತದೆ, ಒಂದೇ ಏಟಿಗೆ ಎರಡು ಕೆಲಸ ಎಂಬ ಜಾಣತನ. ಕೆಲಸ ಮುಗಿಯಿತೆನ್ನುವಷ್ಟರಲ್ಲಿ ಕರೆಂಟು ಹೋಯಿತು. ಮಳೆಗಾಲದ ಮಲೆನಾಡಿನಲ್ಲಿ ಕರೆಂಟು ಹೋಗುವುದು ಸುದ್ದಿಯಲ್ಲ, ಇರುವುದು ಸುದ್ದಿ. ನಮ್ಮ ಕಂಪ್ಯೂಟರಿಗೆ ಬ್ಯಾಟರಿಯ ಆಸರೆ ಇರಲಿಲ್ಲ. ಎರಡು ದಿನದ ಮೇಲೆ ಕರೆಂಟು ಬಂದಾಗ ನೋಡಿದರೆ ಕೋಶದಲ್ಲಿ 146 ಹೆಸರುಗಳು ಸಾಲಾಗಿ ಇದ್ದವು. ಆದರೆ ಕೊನೆಯ 38 ಚಿತ್ರ ತೆರೆಯಲೇ ಇಲ್ಲ. ಕಾರ್ಡು ನೋಡಿದರೆ ಖಾಲಿ.

ಇದು ಯಾಕೆ ಆಯಿತೆಂದು ಆಮೇಲೆ ತಿಳಿದೆ. ಕಂಪ್ಯೂಟರು ತಾನು ಪಡೆದದ್ದನ್ನೆಲ್ಲ ತಕ್ಷಣ ಡಿಸ್ಕಿಗೆ ಬರೆಯುವುದಿಲ್ಲ. ಸ್ವಲ್ಪ ಹೊತ್ತು ತನ್ನ ಕೈಸಂಗ್ರಹದಲ್ಲಿ ಇಟ್ಟುಕೊಂಡು ಅನುಕೂಲ ನೋಡಿ ಬರೆಯುತ್ತದೆ. ಕೊಯ್ಲಿನವರು ಮಡಿಲು ತುಂಬಿದ ಮೇಲೆ ತಾನೆ ಹಣ್ಣನ್ನು ಚೀಲಕ್ಕೆ ಸುರಿಯುವುದು, ಹಾಗೆ. 'ಕಟ್' ಎಂದಾಗ ಅತ್ತ ಕಾರ್ಡಿನಿಂದ ಹೆಸರು ಅಳಿಸಿ ಆಗಿರುತ್ತದೆ, ಇತ್ತ ಡಿಸ್ಕಿನಲ್ಲಿ ಪೂರ್ತಿ ಬರೆದಾಗಿರುವುದಿಲ್ಲ. ನಡುವೆ ಕರೆಂಟು ಹೋದರೆ ಮಡಿಲಿನದು ಮಣ್ಣುಪಾಲು.

ಇದಕ್ಕಿಂತ ದೊಡ್ಡ ತಪ್ಪನ್ನು ನಾನು ಮುಂದಿನ ವಾರ ಮಾಡಿದೆ. ಖಾಲಿ ಕಾರ್ಡು ತಾನೆ ಎಂದು ಅದನ್ನೇ ಹಾಕಿಕೊಂಡು ನೆಂಟರ ಮನೆಯ ಉಪನಯನಕ್ಕೆ ಹೋಗಿ ಐವತ್ತು ಚಿತ್ರ ತೆಗೆದೆ.

ರಾಜೂರಿನ ಹುಡುಗ ಕಲಿಸಿದ್ದು

ನಮ್ಮ ಸಂಘದ ಕಂಪ್ಯೂಟರ್ ಕೆಲಸಕ್ಕೆ ಆಗಷ್ಟೇ ಒಬ್ಬ ಹುಡುಗ ಸೇರಿದ್ದ. ಗದಗ ಜಿಲ್ಲೆಯ ಗಜೇಂದ್ರಗಡ ತಾಲ್ಲೂಕಿನ ರಾಜೂರ ಆತನ ಊರು. ಅದು ಹಿಂದೆ ರೋಣ ತಾಲ್ಲೂಕಿಗೆ ಸೇರಿದ್ದ ಸೀಮೆ. ಮನೆಯಲ್ಲಿ ಹೆಸರು, ಜೋಳ, ಕಡಲೆ ಬೆಳೆಯುವವರು. ಅಡಿಕೆ ಮರವನ್ನು ಆತ ಹತ್ತಿರದಿಂದ ನೋಡಿದ್ದೇ ಇಲ್ಲಿಗೆ ಬಂದ ಮೇಲೆ. ನನ್ನ ಕತೆ ಕೇಳಿ ತಲೆ ಚಚ್ಚಿಕೊಂಡ.

"ಸರ್, ಕಟ್ ಯಾಕ ಮಾಡಿದ್ರಿ? ಕಾಪಿ ಮಾಡಬೇಕಿತ್ರಿ. ಬೀಜ ಎಲ್ಲಾ ಒಮ್ಮೆಲೆ ಕೂರಿಗ್ಯಾಗ ಸುರದು ಚೀಲ ಖಾಲಿ ಮಾಡ್ತೇವೇನ್ರಿ? ಮಳಿ ಕೈಕೊಟ್ರ ಮತ್ತ ಬಿತ್ತಾಕ ಅಂತ ಮನ್ಯಾಗ ಒಂದೀಟು ಇಟಗೊಂಡಿರ್ತೇವ್ರಿ."

ಬರದ ಸೀಮೆಯ ಈ ಬುದ್ಧಿ ಮಳೆಸೀಮೆಯ ನನಗೆ ಇರಲಿಲ್ಲ.

ಆತ ಫೋಟೋರೆಕ್ ಎಂಬ ಉಚಿತ ತಂತ್ರಾಂಶ ಹಾಕಿ ಕಾರ್ಡನ್ನು ಜಾಲಾಡಿದ. 38ರಲ್ಲಿ 11 ಸಿಕ್ಕವು. ಗಡಿಕಲ್ಲಿನದು ಸಿಗಲಿಲ್ಲ. ಅದರ ಜಾಗದಲ್ಲಿ ಉಪನಯನದ ಊಟದ ಪಂಕ್ತಿ ಕೂತಿತ್ತು.

ಅಳಿಸಿದ ಚಿತ್ರ ಮರಳಿ ಸಿಗುವುದು ಹೇಗೆಂದು ನಿಮಗೆ ಆಶ್ಚರ್ಯವಾಗಬಹುದು. ಪಹಣಿಯ ಉದಾಹರಣೆ ತೆಗೆದುಕೊಳ್ಳಿ. ಪಹಣಿಯಿಂದ ಒಬ್ಬನ ಹೆಸರು ತೆಗೆದ ಮಾತ್ರಕ್ಕೆ ಅವನು ನೆಟ್ಟ ತೋಟ ಅದೇ ದಿನ ಮಾಯವಾಗುವುದಿಲ್ಲ. ಹೊಸಬ ಬಂದು ಮರ ಕಡಿದು ಬೇರೆ ನೆಡುವವರೆಗೆ ಹಳೆಯ ಮರ ನಿಂತೇ ಇರುತ್ತದೆ. ಕಾರ್ಡಿನಲ್ಲಿ 'ಡಿಲೀಟ್' ಎಂದರೆ ಯಾದಿಯಿಂದ ಹೆಸರು ತೆಗೆಯುವುದು ಅಷ್ಟೆ. ಚಿತ್ರದ ಅಂಕಿಗಳು ಅಲ್ಲೇ ಇರುತ್ತವೆ. ಅದರ ಮೇಲೆ ಹೊಸ ಚಿತ್ರ ಬಂದು ಕೂತಾಗ ಮಾತ್ರ ನಿಜವಾಗಿ ಹೋಗುತ್ತವೆ. ಆದ್ದರಿಂದ ತಪ್ಪಿ ಅಳಿಸಿದ್ದು ಗೊತ್ತಾದ ಕ್ಷಣವೇ ಕಾರ್ಡನ್ನು ಕ್ಯಾಮೆರಾದಿಂದ ತೆಗೆದು ಲಕೋಟೆಯಲ್ಲಿ ಹಾಕಿ ಎತ್ತಿಡಿ. ಒಂದು ಚಿತ್ರವನ್ನೂ ಹೊಸದಾಗಿ ತೆಗೆಯಬೇಡಿ. ಮರಳಿ ಪಡೆಯುವಾಗಲೂ ಸಿಕ್ಕ ಚಿತ್ರಗಳನ್ನು ಅದೇ ಕಾರ್ಡಿಗೆ ಬರೆಸದೆ ಬೇರೆ ಡಿಸ್ಕಿಗೆ ಬರೆಸಬೇಕು. ಹೀಗೆ ಸಿಕ್ಕ ಚಿತ್ರಗಳಿಗೆ ಹಳೆಯ ಹೆಸರು ಇರುವುದಿಲ್ಲ. ಒಂದೊಂದನ್ನೇ ತೆರೆದು ಗುರುತಿಸಿಕೊಳ್ಳಬೇಕಾಗುತ್ತದೆ.

ಇಳಿಸುವ ಕೆಲಸ, ಮೊದಲಿನಿಂದ

ಕ್ಯಾಮೆರಾದಿಂದ ಕಂಪ್ಯೂಟರಿಗೆ ದಾರಿ ಎರಡು. ಕ್ಯಾಮೆರಾಕ್ಕೆ ಕೇಬಲ್ಲು ಹಾಕುವುದು ಒಂದು. ಕಾರ್ಡನ್ನೇ ಹೊರತೆಗೆದು ಕಾರ್ಡ್ ರೀಡರ್ ಎಂಬ ಸಣ್ಣ ಸಾಧನದಲ್ಲಿ ಹಾಕುವುದು ಇನ್ನೊಂದು. ತಂತಿಯಿಲ್ಲದೆ ವೈ-ಫೈ ಮೂಲಕ ಕಳಿಸುವ ಕ್ಯಾಮೆರಾಗಳೂ ಇವೆ. ನೂರಾರು ಚಿತ್ರಕ್ಕೆ ಅದು ನಿಧಾನ. ನಮ್ಮ ಕಡೆ ಅದರ ಗೋಜು ಬೇಡ.

ಕೇಬಲ್ಲಿನ ದಾರಿಯಲ್ಲಿ ಎಡವುವ ಜಾಗ ಮೂರು. ಮೊದಲನೆಯದು ಕೇಬಲ್ಲೇ. ಯುಎಸ್‌ಬಿ ಕೇಬಲ್ಲಿನೊಳಗೆ ಸಾಮಾನ್ಯವಾಗಿ ನಾಲ್ಕು ತಂತಿ. ಎರಡು ವಿದ್ಯುತ್ತಿಗೆ, ಎರಡು ಮಾಹಿತಿಗೆ. ಸಂತೆಯಲ್ಲಿ ಅಗ್ಗಕ್ಕೆ ಸಿಗುವ ಕೆಲವು ಚಾರ್ಜಿಂಗ್ ಕೇಬಲ್ಲುಗಳಲ್ಲಿ ವಿದ್ಯುತ್ತಿನ ಎರಡೇ ತಂತಿ ಇರುತ್ತದೆ. ತುದಿ ಸರಿಯಾಗಿ ಕೂರುತ್ತದೆ, ಚಾರ್ಜೂ ಆಗುತ್ತದೆ, ಆದರೆ ಕಂಪ್ಯೂಟರಿಗೆ ಕ್ಯಾಮೆರಾ ಕಾಣುವುದೇ ಇಲ್ಲ. ಕ್ಯಾಮೆರಾ ಕೆಟ್ಟಿತೆಂದು ರಿಪೇರಿಗೆ ಒಯ್ಯುವ ಮೊದಲು ಕೇಬಲ್ಲು ಬದಲಿಸಿ ನೋಡಿ. ಎರಡನೆಯದು ಬ್ಯಾಟರಿ. ಕೇಬಲ್ಲಿನಲ್ಲಿ ಇಳಿಸುವಾಗ ಹಳೆಯ ಕ್ಯಾಮೆರಾಗಳು ತಮ್ಮ ಬ್ಯಾಟರಿಯಲ್ಲೇ ಓಡುತ್ತವೆ. ಅರ್ಧದಲ್ಲಿ ಬ್ಯಾಟರಿ ಮುಗಿದರೆ ನನ್ನ ಕರೆಂಟಿನ ಕತೆಯೇ ಪುನಃ. ಪೂರ್ತಿ ಚಾರ್ಜು ಮಾಡಿಕೊಂಡೇ ಕೂರಬೇಕು. ಮೂರನೆಯದು ಕ್ಯಾಮೆರಾದ ಸ್ಥಿತಿ. ಆರಿಸಿದ್ದಾಗ ಕೇಬಲ್ಲು ಹಾಕಿ, ಆಮೇಲೆ ಹೊತ್ತಿಸಿ. ಕೆಲವು ಕ್ಯಾಮೆರಾಗಳಲ್ಲಿ ಚಿತ್ರ ನೋಡುವ ಗುಂಡಿಯನ್ನೂ ಒತ್ತಬೇಕು. ಮೊಬೈಲಿನವರು ಕೇಬಲ್ಲು ಹಾಕಿದ ಮೇಲೆ ತೆರೆಯ ಮೇಲಿಂದ ಕೆಳಕ್ಕೆ ಎಳೆದು, ಬರೀ ಚಾರ್ಜಿಂಗ್ ಎಂದಿರುವುದನ್ನು ಫೈಲ್ ಟ್ರಾನ್ಸ್‌ಫರ್ ಎಂದು ಬದಲಿಸಬೇಕು. ಇದನ್ನು ಮಾಡದೆ ಕಚೇರಿಗೆ ಬಂದು "ನನ್ನ ಫೋನು ಹಿಡಿಯುತ್ತಿಲ್ಲ" ಎಂದವರ ಲೆಕ್ಕ ಇಡುವುದನ್ನು ಬಿಟ್ಟಿದ್ದೇನೆ.

ನನ್ನ ಒಲವು ಕಾರ್ಡ್ ರೀಡರ್ ಕಡೆಗೆ. ಕೆಲವು ನೂರು ರೂಪಾಯಿಯ ವಸ್ತು, ಕ್ಯಾಮೆರಾದ ಬ್ಯಾಟರಿ ಬೇಡ, ಯಾವ ಕಂಪನಿಯ ಕ್ಯಾಮೆರಾವಾದರೂ ಒಂದೇ. ಇನ್ನೊಂದು ಲಾಭವೂ ಇದೆ, ಅದನ್ನು ಬಹಳ ಮಂದಿ ಗಮನಿಸಿಲ್ಲ. ಎಸ್‌ಡಿ ಕಾರ್ಡಿನ ಎಡ ಅಂಚಿನಲ್ಲಿ ಉಗುರಿನಿಂದ ಸರಿಸುವ ಒಂದು ಸಣ್ಣ ಚಿಲಕ ಇದೆ. ಅದನ್ನು ಕೆಳಕ್ಕೆ ಸರಿಸಿದರೆ ಕಾರ್ಡಿಗೆ ಬೀಗ. ಬಹುಪಾಲು ರೀಡರುಗಳಲ್ಲಿ ಆಗ ಕಂಪ್ಯೂಟರು ಕಾರ್ಡನ್ನು ಓದಬಹುದು, ಅಳಿಸಲಾಗದು, ಬರೆಯಲಾಗದು. ನಾನು ಈಗ ಬೀಗ ಹಾಕದೆ ಯಾವ ಕಾರ್ಡನ್ನೂ ಕಂಪ್ಯೂಟರಿಗೆ ತೋರಿಸುವುದಿಲ್ಲ. ಬೇರೆಯವರ ಕಂಪ್ಯೂಟರಿನ ವೈರಸ್ಸೂ ಕಾರ್ಡಿಗೆ ಹತ್ತುವುದಿಲ್ಲ. ಕೆಲಸ ಮುಗಿದ ಮೇಲೆ ಚಿಲಕವನ್ನು ಮೇಲಕ್ಕೆ ಸರಿಸಿ, ಇಲ್ಲವಾದರೆ ತೋಟಕ್ಕೆ ಹೋದಾಗ ಕ್ಯಾಮೆರಾ ಚಿತ್ರ ತೆಗೆಯಲು ಒಪ್ಪುವುದಿಲ್ಲ. ಮೊಬೈಲಿನ ಉಗುರಿನಷ್ಟು ಗಾತ್ರದ ಕಾರ್ಡಿಗೆ ಈ ಚಿಲಕ ಇಲ್ಲ, ಅದನ್ನು ಕೂರಿಸುವ ದೊಡ್ಡ ಹೊದಿಕೆಗೆ ಇರುತ್ತದೆ.

ಕಾರ್ಡು ಹಾಕಿದ ಮೇಲೆ ಕಂಪ್ಯೂಟರಿನಲ್ಲಿ ಹೊಸ ಡಿಸ್ಕೊಂದು ಕಾಣುತ್ತದೆ. ಅದನ್ನು ತೆರೆದರೆ ಡಿಸಿಐಎಮ್ ಎಂಬ ಕೋಶ. ಯಾವ ಕಂಪನಿಯ ಕ್ಯಾಮೆರಾವಾದರೂ, ಯಾವ ಮೊಬೈಲಾದರೂ ಚಿತ್ರಗಳಿಗೆ ಇದೇ ಕೋಶ. ಎಲ್ಲ ಕಂಪನಿಗಳೂ ಒಪ್ಪಿಕೊಂಡ ಪದ್ಧತಿ. ಕ್ಯಾಮೆರಾದಲ್ಲಾದರೆ ಅದರೊಳಗೆ 100, 101 ಎಂದು ಅಂಕಿಯಿಂದ ಶುರುವಾಗುವ ಉಪಕೋಶಗಳಿರುತ್ತವೆ. ಎಲ್ಲವನ್ನೂ ನೋಡಬೇಕು. ಮೊದಲನೆಯದನ್ನು ಮಾತ್ರ ನೋಡಿ ಅರ್ಧ ಚಿತ್ರ ಬಿಟ್ಟವರಿದ್ದಾರೆ. ಈ ಡಿಸಿಐಎಮ್ ಕೋಶವನ್ನು ಇಡಿಯಾಗಿ ಆರಿಸಿ, 'ಕಾಪಿ' ಒತ್ತಿ, ಕಂಪ್ಯೂಟರಿನಲ್ಲಿ ನೀವು ಮೊದಲೇ ಮಾಡಿಟ್ಟ ಕೋಶಕ್ಕೆ ಹೋಗಿ 'ಪೇಸ್ಟ್' ಒತ್ತಿ. ಒಂದು ಚಿತ್ರ ಸುಮಾರು 5 ಎಂಬಿ ಎಂದರೆ 200 ಚಿತ್ರಕ್ಕೆ 1 ಜಿಬಿ. ಒಳ್ಳೆಯ ಕಾರ್ಡಾದರೆ ಒಂದೆರಡು ನಿಮಿಷದ ಕೆಲಸ, ಹಳೆಯ ಕಾರ್ಡಾದರೆ ಕಾಫಿ ಕುಡಿದು ಬರುವಷ್ಟು ಹೊತ್ತು.

"ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕು, ಮಾಡಲೆ?" ಎಂದು ಕಂಪ್ಯೂಟರು ಎಂದಾದರೂ ಕೇಳಿದರೆ ಬೇಡ ಎಂದೇ ಹೇಳಿ. ಕಾರ್ಡಿನ ಯಾದಿ ಅದಕ್ಕೆ ಓದಲು ಬರುತ್ತಿಲ್ಲ ಎಂಬುದು ಅದರ ಅರ್ಥ. ಹೂಂ ಎಂದರೆ ಹಳೆಯ ಯಾದಿ ಹರಿದು ಹೊಸದು ಬರೆಯುತ್ತದೆ. ಕಾರ್ಡು ತೆಗೆದು ಅದರ ಚಿನ್ನದ ಬಣ್ಣದ ಪಟ್ಟಿಗಳನ್ನು ಒಣಬಟ್ಟೆಯಲ್ಲಿ ಮೆಲ್ಲಗೆ ಒರೆಸಿ ಮತ್ತೆ ಹಾಕಿ. ಬೇರೆ ರೀಡರಿನಲ್ಲಿ ಹಾಕಿ. ಆಗಲೂ ಬಾರದಿದ್ದರೆ ತಿಳಿದವರಲ್ಲಿಗೆ ಒಯ್ಯಿರಿ.

ಇಳಿದ ಮೇಲೆ ಲೆಕ್ಕ ತಾಳೆ ನೋಡುವುದನ್ನು ನಾನು ಯಾರಿಗೂ ಬಿಡಲು ಬಿಡುವುದಿಲ್ಲ. ಧಾರಣೆ ಚೀಟಿ, ತೂಕದ ಚೀಟಿ ತಾಳೆ ನೋಡದೆ ಅಡಿಕೆ ಮೂಟೆ ಬಿಟ್ಟುಬರುತ್ತೇವೆಯೆ? ಕಾರ್ಡಿನ ಕೋಶದ ಮೇಲೆ ಮೌಸಿನ ಬಲಗುಂಡಿ ಒತ್ತಿ 'ಪ್ರಾಪರ್ಟೀಸ್' ನೋಡಿದರೆ ಎಷ್ಟು ಚಿತ್ರ, ಒಟ್ಟು ಎಷ್ಟು ಗಾತ್ರ ಎಂದು ಬರುತ್ತದೆ. ಕಂಪ್ಯೂಟರಿನ ಕೋಶದಲ್ಲೂ ಹಾಗೇ ನೋಡಿ. ಎರಡು ಅಂಕಿಯೂ ಸರಿಹೊಂದಬೇಕು. ನನಗೆ ಆದಂತೆ ಹೆಸರಿನ ಸಂಖ್ಯೆ ಸರಿಯಿದ್ದೂ ಒಳಗೆ ಟೊಳ್ಳಿರಬಹುದು. ಆದ್ದರಿಂದ ಕೊನೆಯ ನಾಲ್ಕಾರು ಚಿತ್ರಗಳನ್ನು ತೆರೆದೇ ನೋಡಿ. ಆಮೇಲೆ 'ಇಜೆಕ್ಟ್' ಒತ್ತಿ, ತೆಗೆಯಬಹುದು ಎಂದ ಮೇಲೆ ಕಾರ್ಡು ತೆಗೆಯಿರಿ. ಈ ಗುಂಡಿಯ ಕೆಲಸ ಮಡಿಲಿನಲ್ಲಿ ಉಳಿದದ್ದನ್ನು ಚೀಲಕ್ಕೆ ಸುರಿಸುವುದು.

ಕಾರ್ಡನ್ನು ಖಾಲಿ ಮಾಡುವುದು ಆ ದಿನವೇ ಬೇಡ. ಎರಡನೆಯ ಪ್ರತಿ ಇನ್ನೊಂದು ಕಡೆ ಆದ ಮೇಲೆ, ಕ್ಯಾಮೆರಾದೊಳಗೇ ಇರುವ 'ಫಾರ್ಮ್ಯಾಟ್' ಸೌಲಭ್ಯದಿಂದ ಮಾಡಿ. ಕಂಪ್ಯೂಟರಿನಲ್ಲಿ ಮಾಡುವುದಕ್ಕಿಂತ ಕ್ಯಾಮೆರಾದಲ್ಲಿ ಮಾಡಿದರೆ ಆ ಕ್ಯಾಮೆರಾಕ್ಕೆ ಹೊಂದುವಂತೆ ಯಾದಿ ಸಿದ್ಧವಾಗುತ್ತದೆ.

ದಿನಾಂಕದ ವಿಚಾರ

ಪ್ರತಿಯೊಂದು ಡಿಜಿಟಲ್ ಚಿತ್ರದ ಒಳಗೆ, ಕಣ್ಣಿಗೆ ಕಾಣದಂತೆ, ತೆಗೆದ ದಿನ, ಗಂಟೆ, ಕ್ಯಾಮೆರಾದ ಹೆಸರು ದಾಖಲಾಗಿರುತ್ತದೆ. ಮೊಬೈಲಿನಲ್ಲಿ ಸ್ಥಳದ ಅಕ್ಷಾಂಶ ರೇಖಾಂಶವೂ ಸೇರಬಹುದು. ನಷ್ಟದ ಅರ್ಜಿಗೆ ಇದು ಬಲ. ಆದರೆ ಕ್ಯಾಮೆರಾ ಬರೆಯುವುದು ತನ್ನ ಗಡಿಯಾರ ಹೇಳಿದ ದಿನವನ್ನು. ಬ್ಯಾಟರಿ ತೆಗೆದು ತಿಂಗಳುಗಟ್ಟಲೆ ಕಪಾಟಿನಲ್ಲಿ ಇಟ್ಟರೆ ಆ ಗಡಿಯಾರ ನಿಂತು, ಮತ್ತೆ ಹೊತ್ತಿಸಿದಾಗ ಕಾರ್ಖಾನೆಯಲ್ಲಿ ಇಟ್ಟ ಹಳೆಯ ದಿನಕ್ಕೆ ಹೋಗುತ್ತದೆ.

ರಾಜೂರಿನ ನಮ್ಮ ಹುಡುಗನ ಮನೆಯಲ್ಲೇ ಇದು ಆಯಿತು. ಹೆಸರುಕಾಯಿ ಬಿಡಿಸುವ ಹೊತ್ತಿಗೆ ಮಳೆ ಹತ್ತಿ ಬೆಳೆ ಹೊಲದಲ್ಲೇ ಮೊಳಕೆಯೊಡೆಯಿತು. ಆತನ ತಂದೆ ಹಳೆಯ ಕ್ಯಾಮೆರಾದಲ್ಲಿ ಚಿತ್ರ ತೆಗೆಸಿದರು. ಕಂಪ್ಯೂಟರಿಗೆ ಇಳಿಸಿ ನೋಡಿದರೆ ಎಲ್ಲ ಚಿತ್ರವೂ ಹತ್ತು ವರ್ಷ ಹಿಂದಿನ ಜನವರಿ 1ನೇ ತಾರೀಖಿನದು! ಪರಿಶೀಲನೆಗೆ ಬಂದವರು ಹುಬ್ಬೇರಿಸಿದರು. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯ ನಿಯಮದಂತೆ ಸ್ಥಳೀಯ ವಿಪತ್ತಿನ ನಷ್ಟವನ್ನು 72 ಗಂಟೆಯೊಳಗೆ ತಿಳಿಸಬೇಕು. ಅವರು ಫೋನು ಮಾಡಿ ದೂರು ಬರೆಸಿದ್ದರಿಂದ ಉಳಿದುಕೊಂಡರು. "ನಮ್ಮಪ್ಪ ಫೋಟೋ ನಂಬಲಿಲ್ರಿ ಸರ್, ಫೋನು ನಂಬಿದ್ರು, ಅದs ಛಲೋ ಆತು" ಎಂದು ಹುಡುಗ ಈಗಲೂ ಹೇಳುತ್ತಾನೆ.

ಕ್ಯಾಮೆರಾ ಕೈಗೆ ತೆಗೆದುಕೊಂಡ ಕೂಡಲೆ ದಿನಾಂಕ ನೋಡುವ ಅಭ್ಯಾಸ ಇರಲಿ. ಇನ್ನೊಂದು ಹಳೆಯ ಉಪಾಯ, ಮೊದಲ ಚಿತ್ರವಾಗಿ ಆ ದಿನದ ಪತ್ರಿಕೆಯ ಮುಖಪುಟವನ್ನೇ ತೆಗೆಯುವುದು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನೂ ಹೇಳಿಬಿಡುತ್ತೇನೆ. ಅಡಿಕೆ ಮತ್ತು ಕಾಳುಮೆಣಸಿಗೆ ನಾವು ಕಟ್ಟುವ ವಿಮೆ ಹವಾಮಾನ ಆಧಾರಿತವಾದದ್ದು. ಅದರಲ್ಲಿ ಪರಿಹಾರ ನಿಶ್ಚಯವಾಗುವುದು ಮಳೆಮಾಪನದ ಅಂಕಿಗಳ ಮೇಲೆ. ನೀವು ಎಷ್ಟು ಕೊಳೆ ಗೊನೆಯ ಚಿತ್ರ ತೆಗೆದು ಕೊಟ್ಟರೂ ಅಲ್ಲಿ ಎಣಿಕೆಗೆ ಬರುವುದಿಲ್ಲ. ಚಿತ್ರ ಬೇಕಾಗುವುದು ಧರೆ ಕುಸಿತ, ನೆರೆ, ಗಾಳಿಗೆ ಮರ ಬಿದ್ದದ್ದು ಮೊದಲಾದ ಪ್ರಕೃತಿ ವಿಕೋಪದ ಅರ್ಜಿಗೆ, ಮತ್ತು ರೋಗ ಗುರುತಿಸಲು. 2020ರಿಂದ ರೈತರೇ ಮಾಡಬಹುದಾದ ಬೆಳೆ ಸಮೀಕ್ಷೆಯ ಚಿತ್ರವಾದರೋ ಮೊಬೈಲಿನ ಆ್ಯಪಿನಲ್ಲೇ, ಜಮೀನಿನಲ್ಲಿ ನಿಂತೇ ತೆಗೆಯಬೇಕು.

ರೋಗದ ಚಿತ್ರ ಕಳಿಸುವಾಗ

ಕೊಳೆರೋಗದ ಬಗ್ಗೆ ಲೆಸ್ಲಿ ಕೋಲ್ಮನ್ ಅವರು ಮೈಸೂರು ಸರ್ಕಾರದ ಪರವಾಗಿ 1910ರಲ್ಲೇ ಪ್ರಬಂಧ ಪ್ರಕಟಿಸಿದರು. ಬಾಳೆಹೊನ್ನೂರಿನಲ್ಲಿ 1925ರಲ್ಲಿ ಕಾಫಿ ಪ್ರಯೋಗ ಕೇಂದ್ರ ಶುರುವಾದದ್ದರ ಹಿಂದೆಯೂ ಅವರೇ. ಆ ಕಾಲದಲ್ಲಿ ರೋಗ ನೋಡಬೇಕಾದರೆ ವಿಜ್ಞಾನಿಯೇ ತೋಟಕ್ಕೆ ಬರಬೇಕಿತ್ತು, ಇಲ್ಲವೆ ಕೊಳೆತ ಕಾಯಿ ಬುಟ್ಟಿಯಲ್ಲಿ ಪ್ರಯಾಣ ಮಾಡಬೇಕಿತ್ತು. ಈಗ ಬಾಳೆಹೊನ್ನೂರಿಗೋ ವಿಟ್ಲದ ಅಡಿಕೆ ಸಂಶೋಧನಾ ಕೇಂದ್ರಕ್ಕೋ ಚಿತ್ರ ಹೋದರೆ ಮೊದಲ ಸಲಹೆಯಾದರೂ ಬೇಗ ಸಿಗುತ್ತದೆ. 2022ರ ಸುಮಾರಿಗೆ ಎಲೆಚುಕ್ಕಿ ರೋಗ ಮಲೆನಾಡಿನಲ್ಲಿ ಹಬ್ಬಿದಾಗ ಇದರ ಬೆಲೆ ಗೊತ್ತಾಯಿತು. ಕಂದು ಚುಕ್ಕಿ, ಸುತ್ತ ಹಳದಿ ಉಂಗುರ. ಆ ಉಂಗುರ ಚಿತ್ರದಲ್ಲಿ ಕಾಣಬೇಕು.

ಕಾಣದಂತೆ ಮಾಡುವುದು ನಾವೇ. ಕ್ಯಾಮೆರಾದ ಚಿತ್ರವನ್ನು ಕಂಪ್ಯೂಟರಿಗೆ ಇಳಿಸುವ ಬದಲು, ಕ್ಯಾಮೆರಾದ ಗಾಜಿನ ಮೇಲೆ ಮೂಡಿದ್ದನ್ನು ಮೊಬೈಲಿನಲ್ಲಿ ಫೋಟೋ ಹೊಡೆದು ವಾಟ್ಸಾಪಿನಲ್ಲಿ ಕಳಿಸುತ್ತಾರೆ. ಚಿತ್ರದ ಚಿತ್ರ! ವಾಟ್ಸಾಪು ಮಾಮೂಲಾಗಿ ಅದನ್ನೂ ಕುಗ್ಗಿಸಿ, ಒಳಗಿನ ದಿನಾಂಕದ ದಾಖಲೆಯನ್ನೂ ಕಿತ್ತುಹಾಕಿ ಕಳಿಸುತ್ತದೆ. ಆ ಕಡೆಯವರು ದೊಡ್ಡದು ಮಾಡಿ ನೋಡಿದರೆ ಹಸಿರು ಕಂದು ಚೌಕಗಳು. ಕಂಪ್ಯೂಟರಿಗೆ ಇಳಿಸಿದ ಮೂಲ ಚಿತ್ರವನ್ನು ಮಿಂಚಂಚೆಯಲ್ಲಿ ಲಗತ್ತಿಸಿ ಕಳಿಸಿ. ವಾಟ್ಸಾಪೇ ಆಗಬೇಕೆಂದರೆ 'ಫೋಟೋ' ಎಂದು ಆರಿಸದೆ 'ಡಾಕ್ಯುಮೆಂಟ್' ಎಂದು ಆರಿಸಿ. ಆಗ ಇದ್ದದ್ದು ಇದ್ದಂತೆ ಹೋಗುತ್ತದೆ. ಇಡೀ ಮರದ್ದೊಂದು, ತಲೆಯದ್ದೊಂದು, ರೋಗ ತಗುಲಿದ ಭಾಗದ್ದು ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು ಒಂದೆರಡು, ಇಷ್ಟು ಸಾಕು. ಕಾಫಿಯ ಬಿಳಿ ಕಾಂಡಕೊರಕವಾದರೆ ಕಾಂಡದ ಮೇಲೆ ಉಬ್ಬಿದ ಗೆರೆಗಳು ಕಾಣುವಂತೆ, ಬೆಳಕು ಓರೆಯಾಗಿ ಬೀಳುವ ಬೆಳಗಿನ ಹೊತ್ತು ತೆಗೆಯಿರಿ.

ಹೆಸರು ಮತ್ತು ಜಾಗ

ಕ್ಯಾಮೆರಾ ಕೊಡುವ ಹೆಸರು ಬರೀ ಕ್ರಮಾಂಕ. ಅದು 9999 ಮುಟ್ಟಿದ ಮೇಲೆ ಮತ್ತೆ 0001ರಿಂದ ಶುರು. ಕಂಪ್ಯೂಟರಿನಲ್ಲಿ ಒಂದೇ ಕೋಶಕ್ಕೆ ಸುರಿದರೆ ಹಳೆಯ 0001ರ ಮೇಲೆ ಹೊಸ 0001 ಕೂರಿಸಲೆ ಎಂದು ಕಂಪ್ಯೂಟರು ಕೇಳುತ್ತದೆ, ನಾವು ಅವಸರದಲ್ಲಿ ಹೂಂ ಎನ್ನುತ್ತೇವೆ. ಆದ್ದರಿಂದ ಪ್ರತಿ ಸಲ ಇಳಿಸುವಾಗಲೂ ಹೊಸ ಕೋಶ ಮಾಡಿ. ಹೆಸರಿನಲ್ಲಿ ವರ್ಷ ಮೊದಲು, ಆಮೇಲೆ ತಿಂಗಳು, ಆಮೇಲೆ ದಿನ, ಆಮೇಲೆ ತೋಟದ ಹೆಸರು: 2024-07-18 ಕೆಳಗಿನ ತೋಟ ಕೊಳೆ, ಎಂಬಂತೆ. ನಾವು ಬರೆಯುವ ಹಾಗೆ 18/7/2024 ಎಂದು ಓರೆಗೆರೆ ಹಾಕಿದರೆ ಕಂಪ್ಯೂಟರು ಹೆಸರನ್ನೇ ಒಪ್ಪುವುದಿಲ್ಲ. ವರ್ಷ ಮೊದಲಿಟ್ಟರೆ ಕೋಶಗಳು ತಾವಾಗಿ ಕಾಲಕ್ರಮದಲ್ಲಿ ನಿಲ್ಲುತ್ತವೆ. ಐದು ವರ್ಷದಲ್ಲಿ ಯಾವ ಮೂಲೆಯಿಂದ ರೋಗ ಶುರುವಾಗುತ್ತದೆ ಎಂದು ನೋಡಲು ನನಗೆ ಇದು ಡೈರಿಗಿಂತ ಉಪಯೋಗವಾಗಿದೆ.

ಎರಡನೆಯ ಪ್ರತಿಗೆ ಹೊರಗಿನ ಹಾರ್ಡ್ ಡಿಸ್ಕು ಒಳ್ಳೆಯದು. ಪೆನ್ ಡ್ರೈವು ಸಾಗಿಸಲು ಸರಿ, ವರ್ಷಗಟ್ಟಲೆ ಇಡಲು ಅಲ್ಲ. ಬಳಸದೆ ಬಹುಕಾಲ ಬಿಟ್ಟರೆ ಅದರಲ್ಲಿನ ಮಾಹಿತಿ ಕ್ಷೀಣಿಸುವ ಸಂಭವವಿದೆ. ಪ್ರತಿಗಳೆರಡೂ ಒಂದೇ ಮನೆಯಲ್ಲಿದ್ದರೆ ಸಿಡಿಲೊಂದು ಸಾಕು. ಒಂದನ್ನು ಪೇಟೆಯಲ್ಲಿರುವ ಮಕ್ಕಳ ಮನೆಯಲ್ಲಿಡಿ. ನಮ್ಮ ಹವೆಯಲ್ಲಿ ಕ್ಯಾಮೆರಾದ ಮಸೂರಕ್ಕೂ ಬೂಸಲು ಹಿಡಿಯುತ್ತದೆ. ಚರ್ಮದ ಚೀಲದಲ್ಲಿಟ್ಟರೆ ಇನ್ನೂ ಬೇಗ. ಬಿಗಿ ಮುಚ್ಚಳದ ಡಬ್ಬಿ, ಒಳಗೆ ಸಿಲಿಕಾ ಜೆಲ್ಲಿನ ಎರಡು ಪೊಟ್ಟಣ, ಇಷ್ಟು ಖರ್ಚು ಮಾಡಲೇಬೇಕು.

ಸಂಘದ ಕಚೇರಿಯಲ್ಲಿ ಈಗ ಕಾರ್ಡ್ ರೀಡರ್ ಒಂದನ್ನು ಇಟ್ಟಿದೆ. ಕಂಪ್ಯೂಟರಿಗೆ ಬ್ಯಾಟರಿಯ ಆಸರೆಯನ್ನೂ ಮಾಡಿಸಿದೆ. ಚಿತ್ರ ಇಳಿಸಿಕೊಳ್ಳಬೇಕಾದ ಸದಸ್ಯರು ಕ್ಯಾಮೆರಾ, ಅದರ ಕೇಬಲ್ಲು ಮತ್ತು ಪ್ರತಿ ಒಯ್ಯಲು ಒಂದು ಖಾಲಿ ಪೆನ್ ಡ್ರೈವು ತರಬೇಕು. ಬ್ಯಾಟರಿಯನ್ನು ಮನೆಯಲ್ಲೇ ಚಾರ್ಜು ಮಾಡಿಕೊಂಡು ಬರಬೇಕು. ಕಾರ್ಡಿನ ಚಿಲಕ ಕೆಳಗಿದೆಯೆ ಎಂದು ನಮ್ಮ ಹುಡುಗ ಮೊದಲು ಕೇಳುತ್ತಾನೆ.